‘ಕೆಲವು ಆಟಗಾರರಿಗೆ ತೊಂದರೆಯಾಗುತ್ತಿರಬಹುದು’

ಬಹಳ ದಿನ ಆಯ್ತು ಈ ಕಡೆ ತಲೆ ಹಾಕದೆ. ಕೆಲಸ, ಮದುವೆಮನೆ, ಮತ್ತೆ ಕೆಲಸ... ಎಲ್ಲರೂ ಹೇಳುವ ನೆಪಗಳೇ ನನ್ನವೂ. ಇವತ್ತು ಬರೆಯಲು ಕೂತಿರುವುದಕ್ಕೆ ಕಾರಣ ಕಳೆದ ಶನಿವಾರದ ರಾತ್ರಿ. ಸಿಟ್ಟು ಆರುವ ಮೊದಲು ಬರೆದುಬಿಡಬೇಕು ಅಂದುಕೊಂಡಿದ್ದೆ. ಬರೆಯಲು ಕೂರುವಷ್ಟರಲ್ಲಿ ಅರ್ಧ ಸಿಟ್ಟು ನನ್ನ ಮೇಲೆಯೇ ತಿರುಗಿದೆ. ಯಾಕೆ ಅಂತ ಮುಂದೆ ಹೇಳ್ತೀನಿ.

ನಾವು ನಾಲ್ಕು ಜನ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಒಂದೇ ಕಾರಿಡಾರಿನವರು. ಹಾಸ್ಟೆಲಿನ ಪದ್ಧತಿಯಂತೆ ಯಾರಿಗೂ ಸ್ವಂತ ಹೆಸರಿಲ್ಲ, ಊರಿನ ಹೆಸರೇ ಹೆಸರು. ಹುಬ್ಬಳ್ಳಿ, ಸಾಗರ, ಕುಂದಾಪ್ರ ಮತ್ತು ತಿಪಟೂರು, ಅಂದ್ರೆ ನಾನು. ಈಗ ಕುಂದಾಪ್ರ ಡಬ್ಲಿನ್‌ನಲ್ಲಿದ್ದಾನೆ, ಸಾಗರ ಪುಣೆಯಲ್ಲಿದ್ದಾನೆ, ತಿಪಟೂರು ಬೆಂಗಳೂರಿನಲ್ಲಿದೆ. ಹುಬ್ಬಳ್ಳಿ ಮಾತ್ರ ಹುಬ್ಬಳ್ಳಿಯಲ್ಲೇ ಇದ್ದಾನೆ :-) ಶನಿವಾರ ರಾತ್ರಿ ಒಂಬತ್ತೂವರೆಗೆ ನಾಲ್ಕೂ ಜನ ಒಂದು ಆನ್‌ಲೈನ್ ಆಟದಲ್ಲಿ ಸೇರುತ್ತೇವೆ. ಆಟದ ಹೆಸರು ಬೇಡ ಬಿಡಿ. ಮರ ಕಡಿಯೋದು, ಮನೆ ಕಟ್ಟೋದು, ರಾತ್ರಿಯಾದರೆ ಬರುವ ರಾಕ್ಷಸರನ್ನು ಓಡಿಸೋದು, ಅಂಥದ್ದೊಂದು ಆಟ.

ಅದಕ್ಕೆ ಆಟ ಯಾಕೆ, ಫೋನ್ ಮಾಡಬಹುದಲ್ಲ ಅಂತ ನೀವು ಕೇಳಬಹುದು. ಮಾಡಬಹುದು. ಆದರೆ ನಮ್ಮಂಥ ಹುಡುಗರು ಫೋನಿನಲ್ಲಿ ಮಾತಾಡೋದು ಹೇಗೆ ಅಂತ ಗೊತ್ತಲ್ಲ? ‘ಏನಪ್ಪಾ ಸಮಾಚಾರ?’ ‘ಏನಿಲ್ಲ, ನಿಂದೇನು?’ ‘ನಂದೂ ಏನಿಲ್ಲ.’ ‘ಸರಿ ಮತ್ತೆ.’ ಎರಡು ನಿಮಿಷಕ್ಕೆ ಮುಗೀತು. ಆಟದಲ್ಲಿ ಹಾಗಲ್ಲ. ಕೈಗೆ ಕೆಲಸ ಇರುತ್ತೆ, ಕಣ್ಣು ಪರದೆಯ ಮೇಲಿರುತ್ತೆ, ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಬಾಯಿ ತಾನಾಗೇ ಬಿಚ್ಚಿಕೊಳ್ಳುತ್ತೆ. ಸಾಗರನ ನಿಶ್ಚಿತಾರ್ಥ ಮುರಿದ ವಿಷಯ ನಮಗೆ ಗೊತ್ತಾದದ್ದು ಒಂದು ಸೇತುವೆ ಕಟ್ಟುತ್ತಿದ್ದಾಗ. ಕುಂದಾಪ್ರನ ಕೆಲಸ ಹೋಗಿದೆ ಅಂತ ಗೊತ್ತಾದದ್ದು, ಅವನು ಒಂದೇ ಬಂಡೆಯ ಸುತ್ತ ಹದಿನೈದು ನಿಮಿಷದಿಂದ ಸುಮ್ಮನೆ ಸುತ್ತುತ್ತಿದ್ದಾನೆ ಅಂತ ನಾವು ಬೈದಾಗ.

ಹುಬ್ಬಳ್ಳಿಯ ಅಪ್ಪ ತೀರಿಕೊಂಡು ಕಳೆದ ಶನಿವಾರಕ್ಕೆ ಇಪ್ಪತ್ತೈದು ದಿನ. ಮಣ್ಣಿಗೆ ನಾನು ಮತ್ತು ಸಾಗರ ಹೋಗಿದ್ದೆವು, ಆದರೆ ಅಲ್ಲಿ ಜನವೋ ಜನ, ಅವನ ಹತ್ತಿರ ನಾಲ್ಕು ಮಾತೂ ಆಡಲಾಗಲಿಲ್ಲ. ಆಮೇಲೆ ಅವನು ಫೋನಿಗೆ ಸಿಗಲಿಲ್ಲ. ಶನಿವಾರ ಮಧ್ಯಾಹ್ನ ತಾನಾಗಿಯೇ ಒಂದು ಸಾಲು ಕಳಿಸಿದ: ‘ಇವತ್ತ ಬರ್ತೇನ್ರಪಾ.’ ನಾವು ಮೂವರೂ ಒಂಬತ್ತೂಕಾಲಿಗೇ ಒಳಗೆ ಕೂತಿದ್ದೆವು. ಅವನು ಬಂದ. ಸ್ವಲ್ಪ ಹೊತ್ತು ಯಾರೂ ಏನೂ ಕೇಳಲಿಲ್ಲ, ಸೌದೆ ಒಟ್ಟುತ್ತಿದ್ದೆವು. ಹತ್ತು ಗಂಟೆ ಆಗಿರಬೇಕು, ‘ಕಡೀ ದಿನ ಏನಾತಂದ್ರ...’ ಅಂತ ಶುರು ಮಾಡಿದ.

ಪರದೆ ನಿಂತುಹೋಯಿತು. ಸಿನಿಮಾದಲ್ಲಿ ಹೀಗೆ ತೋರಿಸಿದ್ದರೆ ನಾನೇ ನಗುತ್ತಿದ್ದೆ. ‘ಸರ್ವರ್ ಜೊತೆ ಸಂಪರ್ಕ ಕಡಿದಿದೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ.’ ಪ್ರಯತ್ನಿಸಿದೆವು. ಹತ್ತು ಸಲ, ಇಪ್ಪತ್ತು ಸಲ. ವಾಟ್ಸಾಪಿನಲ್ಲಿ ನಾಲ್ವರೂ ಕರೆ ಮಾಡಿಕೊಂಡೆವು. ಹಲೋ ಹಲೋ ಅಂದೆವು, ‘ನಿಂಗೂ ಹೋಯ್ತಾ’ ಅಂದೆವು, ಆಮೇಲೆ ಮಾತೇ ಹೊರಡಲಿಲ್ಲ. ‘ಹೋಗ್ಲಿ ಬಿಡ್ರಲೇ, ಮುಂದಿನ ವಾರ ನೋಡೂಣು’ ಅಂತ ಹುಬ್ಬಳ್ಳಿ ಫೋನಿಟ್ಟ. ಹಲ್ಲು ಕಚ್ಚಿಕೊಂಡು ಕಂಪನಿಯ ಪುಟ ತೆರೆದರೆ ಅಲ್ಲಿ ಒಂದೇ ಒಂದು ಸಾಲು: ‘ಕೆಲವು ಆಟಗಾರರಿಗೆ ಸಂಪರ್ಕದಲ್ಲಿ ತೊಂದರೆಯಾಗುತ್ತಿರಬಹುದು. ಪರಿಶೀಲಿಸುತ್ತಿದ್ದೇವೆ.’

ಬೆಂಗಳೂರು, ಹುಬ್ಬಳ್ಳಿ, ಪುಣೆ, ಡಬ್ಲಿನ್. ನಾಲ್ಕು ಊರು, ಎರಡು ದೇಶ, ನಾಲ್ಕು ಬೇರೆ ಬೇರೆ ಇಂಟರ್‌ನೆಟ್ ಕಂಪನಿಗಳು. ಎಲ್ಲರಿಗೂ ಸಂಪರ್ಕ ಹೋಗಿದೆ. ಆದರೂ ‘ಕೆಲವು’. ಆದರೂ ‘ಬಹುದು’. ಊರಿಂದ ಬಂದಿದ್ದ ಅಮ್ಮ ಒಳಗಿನಿಂದ, ‘ಆಟ ತಾನೇನೋ? ಹೋಗಿ ಮಲ್ಕೋ’ ಅಂದಳು.

ಆ ಸಾಲಿನ ಕೆಳಗೆ ಒಂದು ಬೈಗುಳ ಕುಟ್ಟಿದೆ. ಕಳಿಸುವ ಮೊದಲು ಮತ್ತೊಮ್ಮೆ ಓದಿದೆ ನೋಡಿ, ಅಲ್ಲಿ ಬಂತು ಎಡವಟ್ಟು. ಆ ಸಾಲು ನನ್ನದು. ಅಂದ್ರೆ, ಆ ಕಂಪನಿಯಲ್ಲಿ ನಾನು ಕೆಲಸ ಮಾಡುತ್ತಿಲ್ಲ, ಆದರೆ ಅದೇ ಸಾಲನ್ನು, ಹೆಚ್ಚುಕಡಿಮೆ ಅದೇ ಪದಗಳಲ್ಲಿ, ನಾನು ಎಷ್ಟೋ ಸಲ ಬರೆದಿದ್ದೇನೆ.

ನನ್ನ ಕೆಲಸ ಆಟಗಳದ್ದಲ್ಲ. ಸಣ್ಣ ಅಂಗಡಿಯವರು ಸಗಟು ವ್ಯಾಪಾರಿಗಳಿಗೆ ಆರ್ಡರ್ ಕಳಿಸುವ ತಂತ್ರಾಂಶವೊಂದರದ್ದು. ನಾಲ್ಕು ವಾರಕ್ಕೊಮ್ಮೆ ರಾತ್ರಿಪಾಳಿಯ ಫೋನು ನನ್ನ ದಿಂಬಿನ ಪಕ್ಕ ಮಲಗುತ್ತದೆ. ಅದು ಕಿರುಚಿದರೆ ಎದ್ದು ಲ್ಯಾಪ್‌ಟಾಪ್ ತೆರೆಯಬೇಕು. ಎರಡು ವರ್ಷದ ಹಿಂದೆ ಒಂದು ಬೆಳಗಿನ ಜಾವ ಹಾಗೇ ಕಿರುಚಿತು. ಒಂದು ಡಿಜಿಟಲ್ ಪ್ರಮಾಣಪತ್ರದ ಅವಧಿ ಮುಗಿದಿತ್ತು, ನವೀಕರಿಸಬೇಕಾದದ್ದನ್ನು ನಾವು ಯಾರೂ ಗಮನಿಸಿರಲಿಲ್ಲ. ಒಬ್ಬರಿಗೂ ಕೆಲಸ ಮಾಡುತ್ತಿರಲಿಲ್ಲ. ಕಾರಣ ಹುಡುಕಲು ನನಗೆ ಒಂದೂವರೆ ಗಂಟೆ ಹಿಡಿಯಿತು. ಹುಡುಕುವ ಮೊದಲು ನಿಯಮದ ಪ್ರಕಾರ ಬಳಕೆದಾರರಿಗೆ ಸೂಚನೆ ಹಾಕಬೇಕಿತ್ತು. ಸಿದ್ಧ ಸಾಲು ಇತ್ತು, ಒತ್ತಿದೆ: ‘ಕೆಲವು ಬಳಕೆದಾರರಿಗೆ ತೊಂದರೆಯಾಗುತ್ತಿರಬಹುದು.’

ಆವತ್ತು ಮಧ್ಯಾಹ್ನ ಸಹಾಯವಾಣಿಯವರು ಒಂದು ಕರೆಯನ್ನು ನನಗೆ ಕೇಳಿಸಿದರು. ಯಾರೋ ಕಿರಾಣಿ ಅಂಗಡಿಯವರು, ವಯಸ್ಸಾದ ದನಿ. ‘ಸ್ವಾಮಿ, ಕೆಲವರಿಗೆ ಅಂತ ಹಾಕಿದ್ರಲ್ಲ, ನನ್ನ ಫೋನೇ ಕೆಟ್ಟಿದೆ ಅಂದ್ಕೊಂಡೆ. ಮೊಬೈಲ್ ಅಂಗಡಿ ಹುಡುಗ ಇನ್ನೂರು ರೂಪಾಯಿ ಇಸ್ಕೊಂಡು ರೀಸೆಟ್ ಮಾಡಿದ. ಮೊಮ್ಮಗಳ ಫೋಟೋ ಎಲ್ಲಾ ಹೋದ್ವು. ಈಗ ಅವನು ಇದು ನಿಮ್ಮ ಕಡೆ ತೊಂದ್ರೆ ಅಂತಾವ್ನೆ, ಹೌದಾ?’

ಬೈದಿದ್ದರೆ ಚೆನ್ನಾಗಿರ್ತಿತ್ತು. ಬೈಯಲಿಲ್ಲ, ಕೇಳಿದರು ಅಷ್ಟೇ.

ನಾವು ತಂತ್ರಾಂಶದವರು ‘ಕೆಲವು’ ಅನ್ನುವ ಪದವನ್ನು ನಮ್ಮ ಮಾನ ಉಳಿಸಿಕೊಳ್ಳಲು ಹಾಕುತ್ತೇವೆ. ಓದುವವನಿಗೆ ಅದು ಬೇರೆಯೇ ಕೇಳಿಸುತ್ತದೆ. ಎಲ್ಲರಿಗೂ ಸರಿಯಿದೆ, ನಿನಗೊಬ್ಬನಿಗೇ ಏನೋ ಆಗಿದೆ ಅಂತ. ಅವನು ರೂಟರ್ ಕಿತ್ತು ಹಾಕುತ್ತಾನೆ, ಆಟವನ್ನು ಅಳಿಸಿ ಮತ್ತೆ ಇಳಿಸಿಕೊಳ್ಳುತ್ತಾನೆ, ಕೇಬಲ್ಲಿನವನಿಗೆ ಫೋನ್ ಮಾಡಿ ಜಗಳ ಆಡುತ್ತಾನೆ. ನಮ್ಮ ತಪ್ಪನ್ನು ಅವನು ಅವನ ಮನೆಯಲ್ಲಿ ಹುಡುಕುತ್ತಾ ಇರುತ್ತಾನೆ. ಸರ್ವರ್ ಬೀಳುವುದನ್ನು ನಾನು ಕ್ಷಮಿಸುತ್ತೇನೆ, ಕ್ಷಮಿಸಲೇಬೇಕು, ಇಲ್ಲದಿದ್ದರೆ ನನ್ನ ಸಂಬಳ ನಾನು ತಗೊಳ್ಳುವ ಹಾಗಿಲ್ಲ :-) ಆದರೆ ಈ ‘ಕೆಲವು’ ಇದೆಯಲ್ಲ, ಅದು ಸುಳ್ಳು. ಆಟ ಆಡುವವರ ಸಿಟ್ಟಿನಲ್ಲಿ ಮುಕ್ಕಾಲು ಪಾಲು ಈ ಸುಳ್ಳಿನ ಮೇಲಿನ ಸಿಟ್ಟು ಅಂತ ನನಗನ್ನಿಸುತ್ತದೆ.

ಸರ್ವರ್ ಬೀಳುವುದು ಎಷ್ಟು ಸುಲಭ, ಎಬ್ಬಿಸುವುದು ಎಷ್ಟು ಕಷ್ಟ ಅನ್ನೋದಕ್ಕೆ ರೋಬ್ಲಾಕ್ಸ್‌ನ ಕಥೆ ಹೇಳಬೇಕು. ಮನೆಯಲ್ಲಿ ಹತ್ತು ಹನ್ನೆರಡು ವರ್ಷದ ಮಕ್ಕಳಿದ್ದರೆ ಈ ಹೆಸರು ನಿಮಗೆ ಗೊತ್ತಿರುತ್ತೆ. 2021ರಲ್ಲಿ ದಿನಕ್ಕೆ ಸುಮಾರು 5 ಕೋಟಿ ಮಂದಿ ಆಡುತ್ತಿದ್ದ ವೇದಿಕೆ ಅದು. ಆ ವರ್ಷ ಅಕ್ಟೋಬರ್ 28ರ ಮಧ್ಯಾಹ್ನ, ಅಮೆರಿಕದ ಪಶ್ಚಿಮ ಕರಾವಳಿಯ ಸಮಯ 1:37ಕ್ಕೆ ಮೊದಲ ಲಕ್ಷಣ ಕಂಡಿತು. ಸಂಜೆ 4:35ರ ಹೊತ್ತಿಗೆ ಆಡುವವರ ಸಂಖ್ಯೆ ಅರ್ಧಕ್ಕಿಳಿದಿತ್ತು, ಆಮೇಲೆ ಪೂರಾ ಮಲಗಿತು. ಎಲ್ಲರಿಗೂ ವಾಪಸ್ ಸಿಕ್ಕಿದ್ದು 31ರ ಸಂಜೆ 4:45ಕ್ಕೆ. ನಮ್ಮಲ್ಲಿ ಆಗ ರಾಜ್ಯೋತ್ಸವದ ಬೆಳಗಿನ ಜಾವ. ಕಂಪನಿಯೇ ಕೊಟ್ಟ ಲೆಕ್ಕ 73 ಗಂಟೆ. ಅದೂ ಎಂಥಾ ಹೊತ್ತು? ಹ್ಯಾಲೋವೀನ್ ವಾರಾಂತ್ಯ. ಮಕ್ಕಳ ಪಾಲಿಗೆ ನಮ್ಮ ದೀಪಾವಳಿಯ ಮೂರೂ ದಿನ ಪಟಾಕಿ ಪೆಟ್ಟಿಗೆಗೆ ಬೀಗ ಬಿದ್ದ ಹಾಗೆ.

ಕಾರಣ ಕೇಳಿ. ಅವರ ಬಳಿ 18,000ಕ್ಕೂ ಹೆಚ್ಚು ಸರ್ವರ್‌ಗಳಿದ್ದವು. ಇಷ್ಟು ಯಂತ್ರಗಳಿದ್ದಾಗ ಯಾವ ಸೇವೆ ಯಾವ ಯಂತ್ರದಲ್ಲಿದೆ ಅಂತ ಹೇಳೋಕೆ ಒಬ್ಬ ಬೇಕು. ಮೆಜೆಸ್ಟಿಕ್ ಬಸ್ ನಿಲ್ದಾಣದ ವಿಚಾರಣೆ ಕೌಂಟರ್ ನೆನಪಿಸಿಕೊಳ್ಳಿ. ಆ ಕೆಲಸ ಮಾಡುವ ತಂತ್ರಾಂಶದ ಹೆಸರು ಕಾನ್ಸುಲ್. ಆ ಕೌಂಟರ್ ಜಾಮ್ ಆಯಿತು. ಬಸ್ಸುಗಳು ಸರಿಯಾಗಿವೆ, ಡ್ರೈವರುಗಳು ಎದ್ದಿದ್ದಾರೆ, ಡೀಸೆಲ್ ಇದೆ. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿನಲ್ಲಿದೆ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಇದಕ್ಕಿಂತ ತಮಾಷೆ ಅಂದ್ರೆ, ಎಲ್ಲಿ ಏನು ಕೆಟ್ಟಿದೆ ಅಂತ ತೋರಿಸಬೇಕಾದ ಅವರ ನಿಗಾ ವ್ಯವಸ್ಥೆಯೂ ಇದೇ ಕೌಂಟರನ್ನೇ ನಂಬಿಕೊಂಡಿತ್ತು. ಡಾಕ್ಟರಿಗೂ ರೋಗಿಗೂ ಒಟ್ಟಿಗೇ ಕಣ್ಣು ಕಟ್ಟಿದ ಹಾಗೆ.

ಮೊದಲು ಅವರಿಗೆ ಯಂತ್ರಗಳ ಮೇಲೆ ಅನುಮಾನ. 64 ಕೋರಿನ ಯಂತ್ರಗಳನ್ನು ತೆಗೆದು 128 ಕೋರಿನ ಹೊಚ್ಚಹೊಸ ಯಂತ್ರಗಳನ್ನು ಇಟ್ಟರು. ಪರಿಸ್ಥಿತಿ ಸುಧಾರಿಸಲಿಲ್ಲ! ಯಾಕಂದ್ರೆ ಹಿಂದಿನ ದಿನವಷ್ಟೇ ಅವರು ಸ್ಟ್ರೀಮಿಂಗ್ ಅನ್ನುವ ಒಂದು ಹೊಸ ಸೌಲಭ್ಯವನ್ನು ಟ್ರಾಫಿಕ್ ಹಂಚುವ ಸೇವೆಗೆ ಚಾಲೂ ಮಾಡಿದ್ದರು. ಓದುವವರೂ ಬರೆಯುವವರೂ ಒಟ್ಟಿಗೆ ಹೆಚ್ಚಾದಾಗ ಅದು ಎಲ್ಲರನ್ನೂ ಒಂದೇ ಕಿರಿದಾದ ಬಾಗಿಲಿಗೆ ಕಳಿಸುತ್ತಿತ್ತು. ಒಂದೇ ಲೆಡ್ಜರ್ ಇರುವ ಕೌಂಟರಿಗೆ ಗುಮಾಸ್ತರನ್ನು ದುಪ್ಪಟ್ಟು ಮಾಡಿದರೆ ಏನಾಗುತ್ತೆ? ಕಿತ್ತಾಟ ದುಪ್ಪಟ್ಟಾಗುತ್ತೆ. ಹೆಚ್ಚು ಕೋರು, ಹೆಚ್ಚು ನೂಕುನುಗ್ಗಲು. 30ರ ಮಧ್ಯಾಹ್ನ ಆ ಸೌಲಭ್ಯವನ್ನು ನಿಲ್ಲಿಸಿದ ಮೇಲೆ ಕೌಂಟರ್ ಉಸಿರಾಡತೊಡಗಿತು.

ಅಷ್ಟಕ್ಕೇ ಮುಗಿಯಲಿಲ್ಲ. ಕಾನ್ಸುಲ್ ಆಗ ತನ್ನ ದಾಖಲೆಗಳನ್ನು ಬೋಲ್ಟ್‌ಡಿಬಿ ಅನ್ನುವ ಕಡತದಲ್ಲಿ ಇಡುತ್ತಿತ್ತು. ಆ ಕಡತ 4.2 ಜಿಬಿಗೆ ಊದಿಕೊಂಡಿತ್ತು, ಒಳಗಿದ್ದ ನಿಜವಾದ ಮಾಹಿತಿ ಬರೀ 489 ಎಂಬಿ. ಮಿಕ್ಕಿದ್ದೆಲ್ಲ ಖಾಲಿ ಹಾಳೆ. ಯಾವ ಯಾವ ಹಾಳೆ ಖಾಲಿ ಅನ್ನುವ ಪಟ್ಟಿಯೇ 7.8 ಎಂಬಿ. 16 ಕೆಬಿಯಷ್ಟು ಏನಾದರೂ ಬರೆಯಬೇಕಾದರೂ ಪ್ರತಿ ಸಲ ಆ ಇಡೀ ಪಟ್ಟಿಯನ್ನು ಮತ್ತೆ ಬರೆಯುತ್ತಿತ್ತು. ಶೆಟ್ಟರ ಅಂಗಡಿಯಲ್ಲಿ ‘ಕಾಲು ಕೆಜಿ ಸಕ್ಕರೆ’ ಅಂತ ಒಂದು ಸಾಲು ಸಾಲದ ಪುಸ್ತಕಕ್ಕೆ ಬರೆಯೋಕೆ, ಪುಸ್ತಕದಲ್ಲಿ ಎಷ್ಟನೇ ಪುಟಗಳೆಲ್ಲ ಖಾಲಿ ಇವೆ ಅಂತ ಪ್ರತಿ ಸಲವೂ ಮೊದಲಿಂದ ಬರೆದುಕೊಂಡ ಹಾಗೆ. ಇದನ್ನು ಓದಿದಾಗ ನನಗೆ ನಗುವೂ ಬಂತು, ಬೆನ್ನುಹುರಿಯಲ್ಲಿ ಚಳಿಯೂ ಬಂತು. ನಮ್ಮ ಆಫೀಸಿನಲ್ಲಿ ಇಂಥ ಪುಸ್ತಕ ಎಷ್ಟಿವೆಯೋ ಯಾರಿಗೆ ಗೊತ್ತು!

ಇಷ್ಟೆಲ್ಲ ನಮಗೆ ಗೊತ್ತಾದದ್ದು ಹೇಗೆ? ಅವರೇ ಹೇಳಿದರು. 2022ರ ಜನವರಿಯಲ್ಲಿ ಗಂಟೆ ಗಂಟೆಯ ಲೆಕ್ಕ ಇಟ್ಟು, ಎಲ್ಲೆಲ್ಲಿ ದಾರಿ ತಪ್ಪಿದೆವು ಅನ್ನೋದನ್ನೂ ಸೇರಿಸಿ, ಉದ್ದನೆಯ ವರದಿ ಪ್ರಕಟಿಸಿದರು. ನಮ್ಮ ವೃತ್ತಿಯವರು ಅದನ್ನು ಪುರಾಣದ ಹಾಗೆ ಓದುತ್ತಾರೆ. ವೇದಿಕೆಯಲ್ಲಿ ಆಟ ಕಟ್ಟಿ ಹೊಟ್ಟೆ ಹೊರೆಯುವವರಿಗೆ ಆದ ನಷ್ಟ ತುಂಬಿಕೊಡುವುದಾಗಿಯೂ ಹೇಳಿದರು. ಆದರೆ ನನ್ನದೊಂದು ತಕರಾರಿದೆ. ಆ ವರದಿ ಬಂದದ್ದು ಎರಡೂವರೆ ತಿಂಗಳ ಮೇಲೆ, ಓದಿದ್ದು ಇಂಜಿನಿಯರುಗಳು. ಆ ಮೂರು ದಿನ ಮಕ್ಕಳಿಗೆ ಸಿಕ್ಕಿದ್ದು ಚುಟುಕು ಸಂದೇಶಗಳು. ಅದೇ ಸಮಯಕ್ಕೆ ಚಿಪೋಟ್ಲೆ ಅನ್ನುವ ಹೋಟೆಲಿನವರು ಆಟದೊಳಗೆ ಪುಕ್ಕಟೆ ಬರಿಟೋ ಹಂಚುವ ಪ್ರಚಾರ ಶುರು ಮಾಡಿದ್ದರು. ಸರಿ, ಬರಿಟೋಗೆ ಜನ ಮುಗಿಬಿದ್ದೇ ಸರ್ವರ್ ಬಿತ್ತು ಅಂತ ಊರೆಲ್ಲ ಸುದ್ದಿ. ಯಾವ ಪ್ರಚಾರವೂ ಇದಕ್ಕೆ ಕಾರಣವಲ್ಲ ಅಂತ ಕಂಪನಿ ಹೇಳಬೇಕಾಯಿತು. ನಿಜ ಸಾಕಷ್ಟು ಹೇಳದಿದ್ದರೆ ಉಳಿದ ಜಾಗವನ್ನು ಬರಿಟೋ ತುಂಬುತ್ತೆ :-)

ತಡವಾಗಿ ಹೇಳುವುದರ ಅತಿ ಕೆಟ್ಟ ಮಾದರಿ 2011ರ ಪ್ಲೇಸ್ಟೇಷನ್ ನೆಟ್‌ವರ್ಕ್‌ನದು. ಸೋನಿ ಬಾಗಿಲು ಹಾಕಿದ್ದು ಏಪ್ರಿಲ್ 20ಕ್ಕೆ. ಜನರ ಖಾಸಗಿ ಮಾಹಿತಿ ಕಳ್ಳರ ಕೈ ಸೇರಿದೆ ಅಂತ ಹೇಳಿದ್ದು 26ಕ್ಕೆ. 7.7 ಕೋಟಿ ಖಾತೆಗಳ ವಿಷಯ ಅದು. ಸೇವೆ ಮತ್ತೆ ಶುರುವಾಗಲು ಮೂರು ವಾರಕ್ಕೂ ಹೆಚ್ಚು ಬೇಕಾಯಿತು. ಅಲ್ಲಿ ಆಟ ತಪ್ಪಿದ್ದು ಸಣ್ಣ ವಿಷಯ. ಪಾಸ್‌ವರ್ಡ್ ಬದಲಿಸಿಕೊಳ್ಳಬೇಕಾದ ಆರು ದಿನ ಜನರ ಕೈತಪ್ಪಿ ಹೋಯಿತು.

ಚೆನ್ನಾಗಿ ಹೇಳಿದವರೂ ಇದ್ದಾರೆ. 2021ರ ಡಿಸೆಂಬರಿನಲ್ಲಿ ಫೈನಲ್ ಫ್ಯಾಂಟಸಿ 14ರ ಹೊಸ ಅಧ್ಯಾಯ ಎಂಡ್‌ವಾಕರ್ ಬಂದಾಗ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ನಿಂತವರನ್ನು 2002 ಅನ್ನುವ ದೋಷಸಂಖ್ಯೆ ಹೊರಗೆ ದಬ್ಬುತ್ತಿತ್ತು. ಆಟದ ನಿರ್ಮಾಪಕ ನಿರ್ದೇಶಕ ನವೋಕಿ ಯೋಶಿದಾ ತಾವೇ ಬರೆದರು. ಒಂದು ಡೇಟಾ ಸೆಂಟರಿನ ಸಾಲು 17,000 ಮಂದಿಯನ್ನು ಮೀರಿದರೆ ಈ ದೋಷ ಬರುತ್ತೆ, ಜಗತ್ತಿನಲ್ಲಿ ಚಿಪ್ಪುಗಳ ಬರ ಇರುವುದರಿಂದ ಹೊಸ ಸರ್ವರ್ ಕೊಳ್ಳಲು ಆಗುತ್ತಿಲ್ಲ ಅಂತ. ಆಮೇಲೆ ಮಾಡಿದ್ದು ನೋಡಿ, ತಮ್ಮದೇ ಆಟದ ಮಾರಾಟ ನಿಲ್ಲಿಸಿದರು! 2022ರ ಜನವರಿ 25ರವರೆಗೆ. ಚಂದಾದಾರರಿಗೆ ಒಟ್ಟು 21 ದಿನ ಪುಕ್ಕಟೆ ಕೊಟ್ಟರು. ನಮ್ಮ ಮದುವೆಮನೆಯಲ್ಲಿ ಎಲೆ ಮುಂದೆ ಜಾಗ ಇಲ್ಲದಿದ್ದಾಗ ಯಜಮಾನರು ಬಾಗಿಲಲ್ಲಿ ನಿಂತು, ‘ಇನ್ನೆರಡು ಪಂಕ್ತಿ ಆಗ್ಬೇಕು, ದಯವಿಟ್ಟು ಕೂತಿರಿ’ ಅಂತ ಕೈ ಮುಗಿಯುತ್ತಾರಲ್ಲ, ಹಾಗೆ. ಹಸಿವು ಕಮ್ಮಿಯಾಗಲ್ಲ. ಆದರೆ ಎಷ್ಟನೇ ಪಂಕ್ತಿ ಅಂತ ಗೊತ್ತಾದರೆ ಮನುಷ್ಯ ಕೂರುತ್ತಾನೆ.

ಈವ್ ಆನ್‌ಲೈನ್ ಅನ್ನುವ ಐಸ್‌ಲ್ಯಾಂಡಿನ ಆಟದವರದ್ದು ಇನ್ನೂ ಸೊಗಸು. ಸಾವಿರಾರು ಜನ ಒಂದೇ ಜಾಗದಲ್ಲಿ ಯುದ್ಧಕ್ಕೆ ಬಂದು ಸರ್ವರಿಗೆ ಏದುಸಿರು ಬಂದರೆ, ಆಟದೊಳಗಿನ ಕಾಲವನ್ನೇ ಅದು ನಿಧಾನ ಮಾಡುತ್ತೆ, ಹತ್ತನೇ ಒಂದು ಭಾಗದವರೆಗೆ. ಒಂದು ಸೆಕೆಂಡಿನ ಕೆಲಸಕ್ಕೆ ಹತ್ತು ಸೆಕೆಂಡು, ಆದರೆ ಎಲ್ಲರಿಗೂ ಸಮವಾಗಿ, ಎಲ್ಲರ ಕಣ್ಣೆದುರೇ. 2014ರ ಜನವರಿಯಲ್ಲಿ 7,500ಕ್ಕೂ ಹೆಚ್ಚು ಮಂದಿ ಭಾಗವಹಿಸಿದ ಒಂದು ಯುದ್ಧ ಸುಮಾರು 21 ಗಂಟೆ ಹೀಗೇ ತೆವಳಿತು. ಯಾರಿಗೂ ಬೇಜಾರಾಗಲಿಲ್ಲ ಅಂತಲ್ಲ. ಯಾರಿಗೂ ‘ಕೆಲವರಿಗೆ’ ಅಂತ ಸುಳ್ಳು ಹೇಳಬೇಕಾಗಲಿಲ್ಲ.

ನನಗೆ ಕ್ಷಮಿಸಲು ಆಗದಿರುವುದು ಇನ್ನೊಂದು ಜಾತಿ. ಸರ್ವರ್ ಬೇಕಿಲ್ಲದ ಕಡೆ ಸರ್ವರ್ ತಂದು ನಿಲ್ಲಿಸುವುದು. ಡಯಾಬ್ಲೋ 3 ಬಂದದ್ದು 2012ರ ಮೇ 15ಕ್ಕೆ, ನಾನಾಗ ಹೈಸ್ಕೂಲು. ಒಬ್ಬನೇ ಕೂತು ಆಡುವ ಆಟಕ್ಕೂ ಕಂಪನಿಯ ಸರ್ವರ್ ಜೊತೆ ಸಂಪರ್ಕ ಇರಲೇಬೇಕಿತ್ತು. ದುಡ್ಡು ಕೊಟ್ಟು ತಂದವರಿಗೆ ಮೊದಲ ದಿನ ಕಂಡದ್ದು ‘ದೋಷ 37’. ಮರುವರ್ಷ ಮಾರ್ಚ್ 5ಕ್ಕೆ ಸಿಮ್‌ಸಿಟಿ, ಅದೇ ಕಥೆ. ನಿಮ್ಮ ಊರನ್ನು ನೀವೇ ಕಟ್ಟಿಕೊಳ್ಳುವ ಆಟ, ಆದರೆ ಕಂಪನಿಯ ಸರ್ವರ್ ಇಲ್ಲದೆ ಒಂದು ಇಟ್ಟಿಗೆ ಇಡುವ ಹಾಗಿಲ್ಲ. ಸರ್ವರ್‌ಗಳು ಮಕಾಡೆ ಮಲಗಿದವು, ಹೊರೆ ಇಳಿಸಲು ಆಟದ ಅತಿ ವೇಗದ ಚೀತಾ ಗತಿಯನ್ನೇ ಕಿತ್ತು ಹಾಕಿದರು, ಅಮೆಜಾನ್ ಸ್ವಲ್ಪ ಸಮಯ ಅದರ ಡೌನ್‌ಲೋಡ್ ಮಾರಾಟವನ್ನೇ ನಿಲ್ಲಿಸಿತು. ಲೆಕ್ಕಾಚಾರವೆಲ್ಲ ಸರ್ವರಿನಲ್ಲಿ ನಡೆಯುತ್ತೆ, ಅದಿಲ್ಲದೆ ಆಗೋದೇ ಇಲ್ಲ ಅಂತ ಸಮಜಾಯಿಷಿ. ಕೆಲವೇ ದಿನದಲ್ಲಿ ಹವ್ಯಾಸಿಯೊಬ್ಬ ಅದಿಲ್ಲದೆಯೂ ಆಡಿ ತೋರಿಸಿದ. ಒಂದು ವರ್ಷದ ಮೇಲೆ, 2014ರ ಮಾರ್ಚ್‌ನಲ್ಲಿ, ಕಂಪನಿಯೇ ಆಫ್‌ಲೈನ್ ಆಟ ಕೊಟ್ಟಿತು. ನಡುವೆ ಸಮಾಧಾನಕ್ಕೆ ಇನ್ನೊಂದು ಆಟ ಪುಕ್ಕಟೆ. ಊಟಕ್ಕೆ ಕರೆದು ಬಾಗಿಲು ಹಾಕಿಕೊಂಡು, ಪಕ್ಕದ ಹೋಟೆಲಿನ ಕೂಪನ್ ಕೈಗಿಟ್ಟ ಹಾಗೆ.

ಪುಕ್ಕಟೆ ಉಡುಗೊರೆಗಳಿಗಿಂತ ನನಗೆ ಹಿಡಿಸಿದ್ದು 2025ರ ಒಂದು ತೀರ್ಮಾನ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಹಾರ್ಡ್‌ಕೋರ್ ಅಂತ ಒಂದು ಬಗೆ ಇದೆ. ಅಲ್ಲಿ ಪಾತ್ರ ಒಮ್ಮೆ ಸತ್ತರೆ ಸತ್ತಿತು, ತಿಂಗಳುಗಟ್ಟಲೆ ಬೆಳೆಸಿದ್ದು ಮಣ್ಣುಪಾಲು. ಸಂಪರ್ಕ ಕಡಿದು ಸತ್ತರೂ ಅಷ್ಟೇ ಅನ್ನೋದು ನಿಯಮ. ಆ ಮಾರ್ಚ್‌ನಲ್ಲಿ ಯಾರೋ ಕಿಡಿಗೇಡಿಗಳು ಬೇಕಂತಲೇ ಸರ್ವರ್ ಮೇಲೆ ಸುಳ್ಳು ಟ್ರಾಫಿಕ್ ಸುರಿದು ಬೀಳಿಸಿದರು, ಗುಂಪುಗುಂಪಾಗಿ ಪಾತ್ರಗಳು ಸತ್ತವು. ಬ್ಲಿಝಾರ್ಡ್ ಆ ದಾಳಿಯಿಂದ ಸತ್ತವರನ್ನು ಬದುಕಿಸುತ್ತೇವೆ ಅಂದಿತು. ಇದು ನಿನ್ನ ಸೋಲಲ್ಲ ಅಂತ ಕಂಪನಿ ತನ್ನ ಬಾಯಾರೆ ಒಪ್ಪಿಕೊಂಡ ಹಾಗಾಯ್ತಲ್ಲ, ಅದು ಮುಖ್ಯ.

ಆಡುವವರ ಕಡೆಯದ್ದೂ ಒಂದು ಮಾತು ಹೇಳಿಬಿಡ್ತೀನಿ. ಸರ್ವರ್ ಬಿದ್ದಾಗ ಬೈಗುಳ ಓದುವವರು ಬೇರೆ, ರಿಪೇರಿ ಮಾಡುವವರು ಬೇರೆ. ಓದುವ ಹುಡುಗಿಗೆ ಸರ್ವರ್ ಮುಟ್ಟುವ ಅಧಿಕಾರವೂ ಇರಲ್ಲ, ನಿಜ ಹೇಳುವ ಅಧಿಕಾರವೂ ಇರಲ್ಲ. ನಾನು ಕುಟ್ಟಿದ ಬೈಗುಳವನ್ನು ಅಳಿಸಿದೆ. ಬದಲಿಗೆ ‘ಭಾರತ ಮತ್ತು ಐರ್ಲೆಂಡಿನಿಂದ ನಾಲ್ವರಿಗೂ 10:02ರಿಂದ ಇಲ್ಲ, ಇದು ಎಲ್ಲರಿಗೂ ಆಗಿದೆಯೇ?’ ಅಂತ ಕೇಳಿದೆ. ಉತ್ತರ ಬರಲಿಲ್ಲ. ಕೆಳಗೆ ಸಾಲುಸಾಲಾಗಿ ಬೇರೆ ಆಟಗಾರರೇ ಉತ್ತರಿಸಿದರು, ಬ್ರೆಜಿಲ್‌ನಲ್ಲಿ ಇಲ್ಲ, ಪೋಲೆಂಡಿನಲ್ಲಿ ಇಲ್ಲ, ಮನಿಲಾದಲ್ಲಿ ಇಲ್ಲ ಅಂತ.

ಸೋಮವಾರ ಆಫೀಸಿಗೆ ಹೋಗಿ ನಮ್ಮ ಸಿದ್ಧ ಸಾಲನ್ನು ತಿದ್ದಲು ಕೂತೆ. ಹೀಗೆ ಬರೆದೆ: ‘ಸೇವೆ ನಿಂತಿದೆ. ತೊಂದರೆ ನಮ್ಮ ಕಡೆಯದು, ನಿಮ್ಮ ಫೋನಿನದಲ್ಲ. ಕಾರಣ ಇನ್ನೂ ಗೊತ್ತಾಗಿಲ್ಲ. ಗೊತ್ತಾಗಲಿ ಬಿಡಲಿ, ಅರ್ಧ ಗಂಟೆಗೆ ಮತ್ತೆ ಬರೆಯುತ್ತೇವೆ.’ ಮ್ಯಾನೇಜರ್ ಓದಿದರು. ‘ಕಾರಣ ಗೊತ್ತಾಗಿಲ್ಲ’ ಅಂತ ಹಾಕಿದರೆ ಗ್ರಾಹಕರು ಹೆದರಲ್ವಾ ಅಂದರು. ಕಾನೂನು ವಿಭಾಗದವರನ್ನು ಕೇಳಬೇಕು ಅಂದರು. ಬುಧವಾರ ಮತ್ತೆ ಕೂತು, ಎರಡನೇ ವಾಕ್ಯ ಮಾತ್ರ ಬೇಷರತ್ತಾಗಿ ಉಳಿಯಿತು. ‘ನಿಮ್ಮ ಫೋನಿನದಲ್ಲ.’ ಮಿಕ್ಕಿದ್ದರ ಬಗ್ಗೆ ಮಾತುಕತೆ ನಡೆದಿದೆ.

ಇನ್ನು ಆ ಶನಿವಾರ. ಬೈದಾಡಿ, ಹಳೆಯ ವರದಿಗಳನ್ನೆಲ್ಲ ತೆರೆದು ಓದುತ್ತಾ ಕೂತಿದ್ದೆ, ಗಂಟೆ ಎರಡು ದಾಟಿತ್ತು. ಫೋನು ಟಿಣ್ ಅಂತು. ಆಫೀಸಿನದ್ದೇನೋ ಅಂತ ಎದೆ ಧಸಕ್ಕೆಂದಿತು. ಹುಬ್ಬಳ್ಳಿ.

‘ಬಂತ್ ನೋಡ್ಲೇ. ನಾ ನಮ್ಮನಿ ರೂಟರ್‌ದ್ದ ತಪ್ಪಂತ ತಿಳ್ಕೊಂಡು ನಾಕ್ ಸಲ ಕಿತ್ತು ಹಚ್ಚೇನಿ. ಎದ್ದೀಯೇನು?’

ಮುಂದಿನ ವಾರ ನೋಡೂಣು ಅಂತ ಫೋನಿಟ್ಟವನು ನಾಲ್ಕು ಗಂಟೆ ಹೊತ್ತು ಬಾಗಿಲು ಬಡಿಯುತ್ತಲೇ ಕೂತಿದ್ದ. ಎದ್ದಿದ್ದೀನಿ ಅಂತ ಹೇಳಿ ಒಳಗೆ ಹೋದೆ. ನಾವಿಬ್ಬರೇ. ಸೌದೆ ಬಿಟ್ಟಲ್ಲೇ ಬಿದ್ದಿತ್ತು, ಒಟ್ಟತೊಡಗಿದೆವು. ಕಡೆಯ ದಿನದ ಮಾತು ಅವನು ನಿಧಾನಕ್ಕೆ ಹೇಳಿದ, ಐದು ಗಂಟೆಯವರೆಗೂ. ಅದು ಅವನದು, ಇಲ್ಲಿ ಬರೆಯೋದಿಲ್ಲ.